ಕೇಬಲ್ ತೆಗೆಸಿದ್ದು ಯಾರು

ಹಲೋ... ಹಲೋ, ಯಾರು ಮಾತಾಡ್ತಿರೋದು? ಕೈ ತುಂಬ ಹಿಟ್ಟು, ಹೆಸರು ನೋಡದೆ ಎತ್ತಿಬಿಟ್ಟೆ...

ಓ, ರುದ್ರಾಣಿ ಅತ್ತಿಗೇನಾ. ಹೇಳಿ ಅತ್ತಿಗೆ. ಕಡುಬಿಗೆ ಉಂಡೆ ಕಟ್ತಾ ಇದ್ದೆ. ಆರಿದ್ರೆ ಬಿರುಕು ಬಿಡುತ್ತೆ, ಅದಕ್ಕೆ ಫೋನ್ ಭುಜಕ್ಕೆ ಸಿಕ್ಕಿಸ್ಕೊಂಡೇ ಮಾತಾಡ್ತೀನಿ, ಆಗಬಹುದಾ?...

ಅತ್ತೇಗೆ ಕೊಡೋದಾ? ಬರಲ್ಲ ಅವರು. ಜಗಲೀಲಿ ಕೂತಿದಾರೆ. ಬೆಳಿಗ್ಗೇನೂ ಫೋನ್ ಹಿಡ್ಕೊಂಡು ಹೋದೆ, ಮುಖ ಆಕಡೆ ತಿರುಗಿಸ್ಕೊಂಡ್ರು. ನನ್ನ ಕೈಯಿಂದ ಕಾಫೀನೂ ತಗೊಳ್ತಿಲ್ಲ. ದ್ಯಾವಮ್ಮ ಕೆಲಸಕ್ಕೆ ಬಂದಾಗ ಅವಳು ಕೊಟ್ರೆ ಕುಡೀತಾರೆ...

ಹಾಂ... ನಿಮಗೂ ಗೊತ್ತಾಯ್ತಾ? ಹೌದು, ಜಾವಳಿ ರುಕ್ಮಿಣಮ್ಮ ಹೋದ್ರು. ಹೋಗಿ, ಮಣ್ಣೂ ಆದ ಮೇಲೆ ನಮಗೆ ಗೊತ್ತಾಗಿದ್ದು. ಅದೂ ದ್ಯಾವಮ್ಮ ಪಾತ್ರೆ ತಿಕ್ತಾ, 'ನೀವ್ಯಾರೂ ಯಾಕಮ್ಮ ಜಾವಳಿಗೆ ಬರ್ಲಿಲ್ಲ' ಅಂದ್ಲು. ಅತ್ತೆ ಅಲ್ಲೇ ಬಾಗಿಲಲ್ಲಿ ನಿಂತಿದ್ರು...

ಅದು ನನಗೂ ಗೊತ್ತು ಅತ್ತಿಗೆ. ಅತ್ತೇನೂ ಅವರೂ ಒಂದೇ ವರ್ಷ ಸೊಸೆಯಂದಿರಾಗಿ ಬಂದವರು. ಒಬ್ಬರ ಬಾಣಂತನಕ್ಕೆ ಇನ್ನೊಬ್ಬರು ನಿಂತವರು. ನಿಮಗೆ ಎಣ್ಣೆ ತಿಕ್ಕಿ ನೀರು ಹಾಕಿದ ಕೈ ಅದು. ಕೊನೇ ಸಲ ಮುಖ ನೋಡೋಕಾಗ್ಲಿಲ್ಲ ಅಂತ ಅತ್ತೆ ಎಷ್ಟು ಒದ್ದಾಡ್ತಿದಾರೆ ಅಂತ ದಿನಾ ನೋಡ್ತಿರೋಳು ನಾನು. ನನಗೆ ಹೇಳಿಕೊಡಬೇಡಿ...

ಕೇಳ್ದೆ, ಕೇಳದೆ ಬಿಡ್ತೀನಾ? ಅವರ ಸೊಸೆ ಯಶೋದಂಗೆ ಫೋನ್ ಮಾಡಿ, ಒಂದು ಮಾತು ತಿಳಿಸಬಾರದಿತ್ತಾ ಅಂತ ಕೇಳ್ದೆ. 'ಮದುವೆಗೆ ಕರೀತಾರೆ, ಸಾವಿಗೆ ಯಾರಾದ್ರೂ ಕರೀತಾರಾ? ಸುದ್ದಿ ಕೇಳಿ ಬರೋದು. ಲೋಕಲ್ ಚಾನೆಲಲ್ಲಿ ಫೋಟೋ ಹಾಕ್ಸಿ, ಮಣ್ಣು ಎಷ್ಟೊತ್ತಿಗೆ ಅಂತ ದಿನವಿಡೀ ಕೆಳಗೆ ಅಕ್ಷರ ಓಡಿಸಿದ್ವಿ. ಅರ್ಧ ಮೂಡಿಗೆರೆ ಬಂತು, ನಿಮ್ಮ ಮನೆಯೊಂದು ಬಿಟ್ಟು' ಅಂದ್ರು. ನಮ್ಮನೇಲಿ ಈಗ ಕೇಬಲ್ ಇಲ್ಲ, ಆ ಚಾನೆಲ್ ಬರಲ್ಲ ಅಂದೆ. 'ನೆಪ ಒಳ್ಳೇದಿದೆ' ಅಂತ ಇಟ್ಟೇಬಿಟ್ರು...

ಏನು?... ಇನ್ನೊಂದ್ಸಲ ಹೇಳಿ...

ನಾನಾ? ಕೇಬಲ್ ತೆಗೆಸಿದ್ದು ನಾನಾ?...

ಯಾರು ಹಂಗಂದಿದ್ದು? ನಿಮ್ಮ ತಮ್ಮಾನೇನಾ? ಇವರೇ, ನನ್ನ ಗಂಡಾನೇ ಹೇಳಿದ್ರಾ?...

ಏನಂದ್ರು, ಅದೇ ಮಾತಲ್ಲಿ ಹೇಳಿ. ಹಾಂ... 'ಬೆಳಗಾದ್ರೆ ಅದೇ ಜಗಳ'... ಹಾಂ... 'ಅಮ್ಮನ ಟಿವಿ ಸದ್ದು ಅವಳಿಗೆ ಆಗ್ತಿರ್ಲಿಲ್ಲ'... ಹಾಂ... ಅತ್ತೆಗೂ ಹಿಂಗೇ ಹೇಳಿದಾರಾ? ಯಾವಾಗ, ಸುದ್ದಿ ಬಂದ ದಿನವೇನಾ?... ಓ. ಅದಕ್ಕಾ. ನಾನಿಟ್ಟ ಲೋಟ ಇಟ್ಟಲ್ಲೇ ಆರ್ತಿದ್ದಿದ್ದು ಅದಕ್ಕಾ...

ಇಲ್ಲ, ನೀವು ಹೇಳಿ ಆಯ್ತು, ಈಗ ನಾನು. ಕ್ರಿಕೆಟ್ಟೆಲ್ಲ ಆಪಲ್ಲೇ ಬರುತ್ತೆ, ಕೇಬಲ್ ಸುಮ್ನೆ ದಂಡ ಅಂತ ಕೇಬಲ್ ಹುಡುಗ ಕಲ್ಲೇಶನ್ನ ಕರೆಸಿ ಬಾಕ್ಸ್ ವಾಪಸ್ ಕೊಟ್ಟಿದ್ದು ನಿಮ್ಮ ತಮ್ಮ. ಅತ್ತೆ ಮಧ್ಯಾಹ್ನ ಮಲಗಿದ್ದಾಗ ವೈರ್ ಬಿಚ್ಚಿಸಿದ್ರು. 'ಸಂಜೆ ಲೋಕಲ್ ಚಾನೆಲ್ ಹಾಕ್ಕೊಂಡು ಕೂರ್ತಾರಲ್ಲ, ಅದು ಹೊಸದ್ರಲ್ಲಿ ಬರುತ್ತಾ?' ಅಂತ ಕೇಳಿದೋಳು ನಾನು. 'ಇಡೀ ಪ್ರಪಂಚ ಬರುತ್ತೆ' ಅಂದ್ರು. ಬಂತು ಪ್ರಪಂಚ. ಕೊರಿಯಾದವರು ಕನ್ನಡದಲ್ಲಿ ಅಳೋದೂ ಬಂತು. ಜಾವಳಿ ಬರ್ಲಿಲ್ಲ...

ಅತ್ತೆ ಕೇಳ್ದೇ ಇರ್ತಾರಾ? ಕೇಳಿದ್ರು. 'ರಿಪೇರಿ ಆಗ್ತಿದೆ ಅಮ್ಮ, ಬರುತ್ತೆ' ಅಂತ ಇವರು. ಅವರು ನಂಬಿ ದಿನಾ ಸಂಜೆ ಮುಖ ತೊಳೆದು, ವಿಭೂತಿ ಹಚ್ಕೊಂಡು, ಟಿವಿ ಮುಂದೆ ಕೂರೋರು. 'ಇವತ್ತೂ ಇಲ್ವೇನೆ?' ಅಂತ ಎದ್ದು ಹೋಗೋರು. ರುಕ್ಮಿಣಮ್ಮನ ಫೋಟೋ ಊರ ಟಿವೀಲೆಲ್ಲ ಬರ್ತಿದ್ದ ಸಂಜೇನೂ ಹಂಗೇ ಕೂತು ಎದ್ದು ಹೋಗಿರ್ತಾರೆ, ಅಲ್ವಾ...

ಆಪಲ್ಲಿ ನಾನೂ ನೋಡ್ತೀನಿ, ಇಲ್ಲ ಅನ್ನಲ್ಲ. ಅಡುಗೆಮನೆ ಕೆಲಸ ಮುಗಿದ ಮೇಲೆ, ಕಿವಿಗೆ ಇಯರ್‌ಫೋನ್ ಹಾಕ್ಕೊಂಡು. ನೋಡಿದೋಳೇ ತೆಗೆಸಿದೋಳು ಅಂತಾಗುತ್ತಾ?...

ನಿಮ್ಮನೇಲಿ ಇದೆಯಾ ಕೇಬಲ್ಲು?... ಇದೆಯಾ ಇಲ್ವಾ, ಅಷ್ಟು ಹೇಳಿ... ಹೋದ ಯುಗಾದಿಗೇ ತೆಗೆಸಿದ್ರಿ. ನಿಮ್ಮನೆ ವಿಷಯ ಬೇರೆ, ಹೌದೌದು. ನಿಮ್ಮನೇಲಿ ಮುದುಕರು ಯಾರೂ ಇಲ್ಲ. ಇರೋ ಒಬ್ಬ ತಾಯಿ ನಮ್ಮನೇಲಿದಾರೆ...

ನಾನು ಧ್ವನಿ ಏರಿಸ್ತಿಲ್ಲ. ನೀವು ಏರಿಸ್ತಿದೀರ, ಕಿವಿಯಿಂದ ದೂರ ಹಿಡ್ಕೊಂಡ್ರೂ ಕೇಳ್ತಿದೆ... ಮಾರಾಯ್ತಿ ಗೀರಾಯ್ತಿ ಬೇಡ ಅತ್ತಿಗೆ. ಸರ್ವಮಂಗಳಾ ಅಂತ ಹೆಸರಿದೆ ನನಗೆ...

ಏನು? ಕ್ಷಮೆ? ಯಾರು ಕೇಳ್ಬೇಕು?...

ಸೋಮವಾರ ನೀವೆಲ್ಲ ಬಂದಾಗ, ಎಲ್ಲರ ಮುಂದೆ ಅತ್ತೆ ಕಾಲು ಮುಟ್ಟಿ, ತೆಗೆಸಿದ್ದು ನಾನೇ, ತಪ್ಪಾಯ್ತು ಅನ್ಬೇಕು. ಹಾಂ... ಇದಕ್ಕೆ ಇವರೂ ಒಪ್ಪಿದಾರಾ?... ಅವರೇ ಹೇಳಿದ್ದಾ? 'ಅಕ್ಕ, ನೀನೇ ಅವಳಿಗೆ ಹೇಳು' ಅಂದ್ರಾ? ಒಂದೇ ಮನೇಲಿ ಇದೀವಿ ನಾವಿಬ್ರು. ಬೆಳಿಗ್ಗೆ ಇದೇ ಅಡುಗೆಮನೇಲಿ ನಿಂತು, ಚಟ್ನಿಗೆ ಖಾರ ಕಮ್ಮಿ ಹಾಕು ಅಂತ ಹೇಳ್ಹೋದ್ರು. ಇದನ್ನ ಹೇಳೋಕೆ ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ, ನಿಮ್ಮ ಹತ್ರ ಹೋಗಿ ವಾಪಸ್ ಬರ್ಬೇಕಾಯ್ತಾ ಮಾತು?...

ಹೌದು, ತಾಯಿ ಮುಂದೆ ಮಗ ಸಣ್ಣವನಾಗಬಾರದು. ಸೊಸೆಯಾದ್ರೆ ಪರವಾಗಿಲ್ಲ. ಹೇಗೂ ಹೊರಗಿಂದ ಬಂದೋಳು...

ಇಲ್ಲ, ಅಳ್ತಿಲ್ಲ. ಹಬೆ ಹೊಡೀತು ಮುಖಕ್ಕೆ. ಕಡುಬು ಪಾತ್ರೆಗೆ ಹಾಕ್ತಿದೀನಿ... ಹಾಂ, ಕೇಳಿಸ್ತಿದೆ. ಇನ್ನೇನೋ ಹೇಳ್ಬೇಕು ಅಂದ್ರಲ್ಲ...

ಕೋಡಾ? ಯಾವ ಕೋಡು?...

ಓ, ಹೊಸ ಟಿವಿ ತಂದ್ರಾ. ಆಪ್ ಹಾಕಿದ್ರೆ 'ಈ ಟಿವಿ ಈ ಮನೆಗೆ ಸೇರಿದ್ದಲ್ಲ' ಅಂತ ಬರ್ತಿದೆಯಾ? ಅದು ಸರಿಯಾಗೇ ಹೇಳ್ತಿದೆ ಬಿಡಿ...

ಕೋಡು ಬರುತ್ತೆ, ನನ್ನ ಫೋನಿಗೇ ಬರೋದು. ಮೊದಲ ತಿಂಗಳು ಪುಕ್ಕಟೆ ಅಂತ ನಿಮ್ಮ ತಮ್ಮ ಅವರ ನಂಬರು ಕೊಟ್ರು. ಆ ಪುಕ್ಕಟೆ ಮುಗಿದ ಮೇಲೆ, ಇನ್ನೊಂದು ತಿಂಗಳು ಪುಕ್ಕಟೆ ಸಿಗ್ಲಿ ಅಂತ ನನ್ನ ನಂಬರು ಕೊಟ್ಟು ಹೊಸದಾಗಿ ಶುರು ಮಾಡಿದ್ರು. ಈಗ ಅದ್ರಲ್ಲೇ ಎರಡೂ ಮನೆ ನಡೀತಿದೆ. ಆಪ್ ತೆಗೆದ್ರೆ ಅವರ ಹೆಸರು ಬರುತ್ತೆ, ನಿಮ್ಮ ಹೆಸರು ಬರುತ್ತೆ, ಮಕ್ಕಳದ್ದು ಅಂತ ಒಂದು ಬರುತ್ತೆ. ನಂದಿಲ್ಲ. ನಾನು ನಿಮ್ಮ ಹೆಸರು ಒತ್ತಿ ಒಳಗೆ ಹೋಗೋದು. ನೀವು ನೋಡದೇ ಇದ್ದಿದ್ದೆಲ್ಲ ಅರ್ಧ ನೋಡಿದಂಗೆ ಕಾಣುತ್ತಲ್ಲ, ಅದು ನಾನು...

ಇಲ್ಲಪ್ಪ, ಚುಚ್ಚಿ ಮಾತಾಡ್ತಿಲ್ಲ. ಕೇಳಿದ್ದಕ್ಕೆ ಹೇಳ್ದೆ...

ಸರಿ, ಕೋಡು ಕಳಿಸು ಅಂತ ಇರುತ್ತಲ್ಲ, ಅದನ್ನ ಒತ್ತಿ. ಕೈ ಒರೆಸ್ಕೊಳ್ತೀನಿ, ಇರಿ... ಹಾಂ, ಬಂತು. ಬರ್ಕೊಳ್ತೀರಾ? ಏಳು... ಎರಡು...

ಏನಂದ್ರಿ ಈಗ?...

ಇಲ್ಲ, ಕೋಡು ಇರ್ಲಿ. ಮಧ್ಯದಲ್ಲಿ ಏನೋ ಅಂದ್ರಲ್ಲ, ಅದು. 'ಅಮ್ಮ ಅಷ್ಟು ಅಳ್ತಿದ್ರೂ ನೀನು ಕಿವಿಗೆ ಅದನ್ನ ಸಿಕ್ಕಿಸ್ಕೊಂಡು ಕೂತಿದ್ದೆಯಂತೆ' ಅಂತಲ್ವಾ ಅಂದಿದ್ದು? ಇದೂ ಅವರೇ ಹೇಳಿದ್ದಾ?...

ಆ ಸಂಜೆ ಮ್ಯಾಚ್ ಇತ್ತು ಅತ್ತಿಗೆ, ಕಿವಿಗೆ ಸಿಕ್ಕಿಸ್ಕೊಂಡು ಕೂತಿದ್ದು ನಿಮ್ಮ ತಮ್ಮ. ಅತ್ತೆ ಕಾಲ ಹತ್ರ ನೆಲದ ಮೇಲೆ ಕೂತಿದ್ದೋಳು ನಾನು. ಅವರು ಕಾಲು ಎಳ್ಕೊಂಡ್ರು. ಆದ್ರೂ ಕೂತಿದ್ದೆ...

ಹ್ಞೂಂ... ಹ್ಞೂಂ...

ನಂಬಲ್ಲ ಅಂದ್ರೆ ಬಿಡಿ...

ಹಾಂ? ಉಳಿದ ನಂಬರಾ?... ಅಯ್ಯೋ. ಅಳಿಸಿಹೋಯ್ತಲ್ಲ. ಹಿಟ್ಟಿನ ಕೈ ತಾಗಿತೇನೋ...

ಇನ್ನೊಂದ್ಸಲ ಒತ್ತಿದ್ರಾ?... ಇಲ್ಲ, ಬಂದಿಲ್ಲ...

ಟಣ್ ಅಂದಿದ್ದಾ? ಅದು ಪಾತ್ರೆ ಮುಚ್ಚಳ...

ಏಳು, ಎರಡು ಅಂತ ಹೇಳಿದ್ನಾ? ಅದು ಹಳೇದು, ಅದು ಈಗ ನಡೆಯಲ್ಲ. ಹೊಸದು ಬರ್ಬೇಕು. ಬರ್ತಿಲ್ಲ...

ಇವರಿಗೆ ಫೋನ್ ಮಾಡ್ತೀರಾ? ಮಾಡಿ. ಪಾಪ, ಅವರ ಫೋನಲ್ಲಿ ಏನೂ ಬರಲ್ಲ. ಅವರೂ ನನ್ನನ್ನೇ ಕೇಳ್ಬೇಕು...

ಸೋಮವಾರಾನಾ? ಬನ್ನಿ, ಅದಕ್ಕೇನು. ಎಲ್ಲರೂ ಬನ್ನಿ. ಭಾವನ್ನೂ ಕರ್ಕೊಂಡು ಬನ್ನಿ. ಅತ್ತೆ ಮುಂದೆ ಹಾಲ್‌ನಲ್ಲೇ ಕೂತು ಮಾತಾಡೋಣ...

ನೆನಪಿದೆ. ಏನು ಹೇಳ್ಬೇಕು ಅಂತ ನೀವು ಹೇಳಿದ್ದೆಲ್ಲ ನೆನಪಿದೆ, ಆಯ್ತು...

ಆಯ್ತು ಅಂದ್ರೆ ಏನು ಅರ್ಥ ಅಂತಾನಾ? ಆಯ್ತು ಅಂದ್ರೆ ಆಯ್ತು ಅತ್ತಿಗೆ...

ಮತ್ತೆ ಒತ್ತಿದ್ರಾ? ಇರಿ, ನೋಡ್ತೀನಿ... ನೋಡ್ತಾನೇ ಇದೀನಿ, ಫೋನ್ ಕೈಯಲ್ಲೇ ಇದೆ... ಇಲ್ಲ ಅತ್ತಿಗೆ. ಇಲ್ಲಿಗೆ ಏನೂ ಬಂ... ಹಲೋ? ಇಟ್ಟುಬಿಟ್ರಾ?...