ಮರಿಗಳ ದೀಪ

ಹಲೋ... ಯಾರು? ಓ, ಮೈದುನರಾಯನಾ! ಗೋಡೆಯಾಚೆಯಿಂದ ಕೂಗಿದ್ರೂ ಕೇಳ್ತಿತ್ತಲ್ಲೋ, ಫೋನ್ ಯಾಕೆ?...

ನಾನಾ? ಚಳಿ ಹಿಡ್ಕೊಂಡಿದೆ, ಕೋಳಿಮರಿ ಪೆಟ್ಟಿಗೆ ತೊಳೆದು ಬಿಸಿಲಿಗಿಟ್ಟಿದ್ದೆ. ಈಗ ಹೊಸ ಹೊಟ್ಟು ಹರವ್ತಾ ಇದೀನಿ. ಮರಿ ಎಲ್ಲಿದಾವೆ, ಬರೀ ಪೆಟ್ಟಿಗೆ...

ಏನು? ಫ್ಯಾನಾ? ತಾನಾಗೇ ತಿರುಗುತ್ತಾ? ಈ ಚಳೀಲಿ? ಅದಕ್ಕೇ ಮೂಗು ಹಾಗೆ ಸೊರಸೊರ ಅಂತಿರೋದು...

ದೀಪಾನೂ? ಆರಿಸಿದ್ರೆ ಮತ್ತೆ ಹತ್ಕೊಳುತ್ತಾ?... ದೆವ್ವ ಗಿವ್ವ ಏನಿಲ್ಲಪ್ಪ. ದೆವ್ವಕ್ಕೆ ನಿನ್ನ ಮನೇಲೇನು ಕೆಲಸ? ನಾನೇ...

ಹಾಂ, ನಾನೇ ಅಂದೆ. ನಿಮ್ಮಣ್ಣ ರೇಡಿಯೋ ಹುಚ್ಚಿಗೆ ತಂದ ಅಂಗೈಯಗಲದ ಕಂಪ್ಯೂಟರ್ ಇದೆಯಲ್ಲ, ಅದಕ್ಕೊಂದು ಗೇಣು ತಂತಿ ಕಟ್ಟಿದೀನಿ. ನಿನ್ನ ರಿಮೋಟ್ ಗಾಳೀಲಿ ಏನು ಹೇಳುತ್ತೋ ಕೇಳಿಸ್ಕೊಂಡು, ನಾನು ಗುಂಡಿ ಒತ್ತಿದಾಗ ನಿನ್ನ ಫ್ಯಾನಿಗೆ, ದೀಪಕ್ಕೆ ಹಾಗೇ ಹೇಳುತ್ತೆ. ಗಿಣಿ ಇದ್ದ ಹಾಗೆ...

ಕೂಗಬೇಡ. ಯಾಕೆ ಅಂತ ನೀನು ಕೇಳ್ತೀಯಾ? ಬೆಚ್ಚಗಿರಲಿ ಅಂತ ರಾತ್ರಿಯೆಲ್ಲ ಹಾಕಿಡೋ ನನ್ನ ಮರಿಗಳ ದೀಪ ಆರಿಸಿದ್ದು ಯಾರು?...

ನಿಮ್ಮಮ್ಮ ಮರೆತ್ರಾ? ಹಾಗಂತ ನೀನೇ ತಾನೇ ಊರೆಲ್ಲ ಡಂಗುರ ಹೊಡೆದದ್ದು? 'ಅಮ್ಮನಿಗೆ ಅರಳುಮರಳು, ದೀಪ ಹಾಕದೆ ಮಲಗಿದ್ಲು, ಮರಿಗಳೆಲ್ಲ ಸೆಟೆದುಹೋದ್ವು' ಅಂತ. ಆವತ್ತಿಂದ ಅತ್ತೆ ಒಲೆ ಹತ್ರಾನೂ ಬರ್ತಿಲ್ಲ. ಏನು ಕೊಟ್ರೂ 'ನಾನು ಮರೀತೀನಿ, ನೀನೇ ನೋಡ್ಕೊಳ್ಳಮ್ಮ' ಅಂತಾರೆ...

ಸುಳ್ಳಾ? ಮೊನ್ನೆ ಸಂಜೆ ಖಾಲಿ ಪೆಟ್ಟಿಗೆಗೇ ದೀಪ ಹಾಕಿ ಕಾದು ಕೂತೆ ಕಣೋ. ನಿನ್ನ ಕಿಟಕಿಯಿಂದ ಕೈ ಬಂತು, ಕೈಯಲ್ಲಿ ರಿಮೋಟು. ನನ್ನ ದೀಪ ಆರಿತು. ಇಬ್ಬರದೂ ಒಂದೇ ಅಂಗಡಿಯ ರಿಮೋಟ್ ಸ್ವಿಚ್ಚು, ನಿನ್ನ ರಿಮೋಟಿಗೆ ನನ್ನದೂ ಬಗ್ಗುತ್ತೆ, ಅಲ್ವಾ?...

ಬೆಳಕು ಕಣ್ಣಿಗೆ ಹೊಡೀತಿತ್ತಾ? ಒಂದು ಪರದೆ ಎಳ್ಕೊಳ್ಳೋಕೆ ಏನಾಗಿತ್ತೋ? ಮರಿ ಸತ್ವು, ಹೋಗ್ಲಿ. ಹೆತ್ತವಳ ತಲೆಗೆ ಕಟ್ಟಿದೆಯಲ್ಲ!...

ಮೇನ್ ಆಫ್ ಮಾಡ್ತೀಯಾ? ಮಾಡಪ್ಪ. ಎಷ್ಟು ದಿನ ಕತ್ತಲೇಲಿ ಕೂರ್ತೀಯ, ನಾನೂ ನೋಡ್ತೀನಿ...

ನನಗೆ ತಪ್ಪಾಯ್ತು ಅಂದ್ರೆ ಏನು ಬಂತು? ಅತ್ತೆ ಇಲ್ಲೇ ಇದಾರೆ, ಆಗಿಂದ ಸ್ಪೀಕರಲ್ಲಿ ಕೇಳ್ತಾ ಇದಾರೆ. ಅವರಿಗೆ ಹೇಳು. ಹೇಳಿದ್ರೆ ನಿಲ್ಲಿಸ್ತೀನಿ...

ಗೊಣಗಬೇಡ, ಬಾಯಿಬಿಟ್ಟು ಹೇಳು... ಹಾಂ. ಕೇಳಿಸ್ತಾ ಅತ್ತೆ?...

ಇಲ್ಲಪ್ಪ, ಅಳ್ತಿಲ್ಲ. ಕನ್ನಡಕ ಹಾಕ್ಕೊಂಡು ಎದ್ದು ಬರ್ತಿದಾರೆ. ಏನತ್ತೆ?... ಹೂಂ, ಈ ಗುಂಡಿ ದೀಪದ್ದು. ಇದು ಫ್ಯಾನಿಂದು...

ನಿಲ್ಲಿಸ್ತೀನಿ ಅಂದೆ, ನಿಜ. ನಾನು ಕೈ ಬಿಟ್ಟಾಯ್ತು ಕಣೋ. ಆದ್ರೆ 'ಅವನು ನನ್ನ ಮಗ, ಇನ್ಮೇಲೆ ನಾನು ನೋಡ್ಕೋತೀನಿ, ಜೋರಾಗಿ ತಿರುಗೋದು ಯಾವ ಗುಂಡಿ' ಅಂತ ಕೇಳ್ತಿದಾರೆ... ಹಲೋ? ಹಲೋ...