ಮುಂದಾಳು ಹಸುವಿನ ಗಂಟೆ

ಕಾಡಿನಂಚಿನ ಒಂದೂರಿನಲ್ಲಿ ದನಗಳಿಂದಲೇ ಶ್ರೀಮಂತನಾದವನೊಬ್ಬನಿದ್ದ. ಹೊಲ ಹೆಚ್ಚಿರಲಿಲ್ಲ, ಚಿನ್ನವೂ ಇರಲಿಲ್ಲ. ಆದರೆ ಅವನ ದೊಡ್ಡಿಯ ದನ ಮೇಯಲು ಹೊರಟರೆ ಎದುರು ಬಂದವರು ಬೇಲಿಗೆ ಒತ್ತಿಕೊಂಡು ನಿಲ್ಲಬೇಕಾಗಿತ್ತು. ಅಂಥ ಸಿರಿವಂತಿಕೆ ಈಗ ನಮಗೆ ಅರ್ಥವಾಗುವುದೂ ಕಷ್ಟ, ಅಲ್ಲವೇ ತಾಯಂದಿರೇ?

ಆ ಊರಲ್ಲಿ ಒಂದು ಪದ್ಧತಿ. ಹಿಂಡಿನ ಮುಂದಾಳು ಹಸುವಿನ ಕೊರಳಿಗೆ ಮರದ ಗಂಟೆ ಕಟ್ಟುತ್ತಾರೆ. ಪೊದೆಗಳ ನಡುವೆ ಒಂದಕ್ಕೊಂದು ಕಾಣದಿದ್ದರೂ ಉಳಿದ ದನಗಳು ಆ ಸದ್ದು ಹಿಡಿದು ಮನೆಗೆ ಬರುತ್ತವೆ. ಆ ಹಸು ಸತ್ತರೆ ಗಂಟೆ ಅದರ ಮಗಳ ಕೊರಳಿಗೆ. ನೋಡಿ, ಹಸು ಬದಲಾಗುತ್ತದೆ, ಸದ್ದು ಬದಲಾಗುವುದಿಲ್ಲ. ಗಂಟೆ ಕೆತ್ತುವವನೊಬ್ಬ ಊರ ಕೊನೆಯಲ್ಲಿದ್ದ. ಹಗ್ಗ ತೊಗಲಿಗೆ ಉಜ್ಜಬಾರದೆಂದು ಅವನು ಹಳೆಯ ಸೀರೆಯ ಬಟ್ಟೆ ಸುತ್ತಿ ಕೊಡುತ್ತಿದ್ದ. ಹಾಗೆ ಮಾಡು ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಹಸುವಂತೂ ಹೇಳಿರಲಿಲ್ಲ.

ಕಾಲ ಬಿಗಿಯಾಯಿತು. ದನ ಒಳಗೆ ಹೋಗದಂತೆ ಅರಣ್ಯದವರು ಕಾಡಿನ ಸುತ್ತ ಕಂದಕ ತೋಡಿದರು. ಮೇಯಲು ಒಂದು ಗುಡ್ಡದ ಓರೆ ಮಾತ್ರ ಉಳಿಯಿತು. ಹಿಂಡಿಯ ಬೆಲೆ ಏರಿತು, ದನ ಕಾಯುವವರು ಸಿಗದಾದರು. ಕೊಡಲಿ ಹಿಡಿದು ಕಾಡಿನತ್ತ ಹೋದವನಿಗೆ ಕಳ್ಳನ ಹೆಸರು ಬಂತು. ಗಂಟೆ ಕೆತ್ತುವವನು ಉಳಿಯನ್ನು ಸೂರಿಗೆ ಸಿಕ್ಕಿಸಿ ಇಟ್ಟಿಗೆ ಗೂಡಿನ ಕೆಲಸ ಹಿಡಿದ.

ಆ ವರ್ಷವೇ ಮುಂದಾಳು ಹಸು ಮುದಿಯಾಗಿ ಸತ್ತಿತು. ಶ್ರೀಮಂತ ಸಂತೆಯಿಂದ ಹೊಳೆಯುವ ಹಿತ್ತಾಳೆ ಗಂಟೆಗಳನ್ನು ತಂದು ಎಲ್ಲ ದನಗಳಿಗೂ ಕಟ್ಟಿದ. ಬಿರುಕು ಬಿಟ್ಟಿದ್ದ ಮರದ ಗಂಟೆಯನ್ನು ನೀರೊಲೆಗೆ ಹಾಕಿದ. ಅವನು ಕೆಟ್ಟವನೇ? ಅಲ್ಲ. ನನ್ನ ದನಕ್ಕೂ ಒಂದು ಹೊಸದಿರಲಿ ಎಂದುಕೊಂಡ, ಅಷ್ಟೇ.

ಅಂದಿನ ಸಂಜೆ ಗುಡ್ಡದ ತುಂಬ ಒಂದೇ ಸದ್ದು. ಯಾವುದು ಮುಂದು, ಯಾವುದು ಹಿಂದು? ದನಗಳು ಚದುರಿದವು. ಕೂಗಿ ಅಟ್ಟಿ ಉಳಿದವನ್ನು ತಂದರು. ಒಂದು ಮಾತ್ರ ಬರಲಿಲ್ಲ. ಸತ್ತ ಹಸುವಿನ ಕೊನೆಯ ಮಗಳು, ತುಂಬು ಗಬ್ಬದ ಕಡಸು. ಜನ ಹತ್ತಿರ ಹೋದಷ್ಟೂ ಬೆದರಿ ಪೊದೆಯೊಳಗೆ ನುಗ್ಗುತ್ತಿತ್ತು. ಗುಡ್ಡದಾಚೆ ಚಿರತೆ ಓಡಾಡುವ ಜಾಗ.

ಬೆಳಿಗ್ಗೆ ಶ್ರೀಮಂತನೂ ಅವನ ಹೆಂಡತಿಯೂ ಗಂಟೆ ಕೆತ್ತುವವನ ಮನೆ ಬಾಗಿಲಿಗೆ ಬಂದರು.

"ಏನ್ ಬುದ್ಧೀ, ಇತ್ಲಾಗಿ ಬಂದ್ರಿ? ನಿಮ್ ದನ ಮದ್ವೆ ದಿಬ್ಬಣ ಹೊಂಟಂಗೆ ಕಾಣ್ತವಂತಲ್ಲ!"

"ಆಡ್ಕೊಬ್ಯಾಡ ಕಣಯ್ಯಾ. ಹಳೇದರಂಗೇ ಒಂದು ಗಂಟೆ ಮಾಡ್ಕೊಡು."

"ಹಳೇದ ತನ್ನಿ, ನೋಡ್ಕೊಂಡು ಕೆತ್ತುತೀನಿ."

"ಒಲೆಗಾಕ್ಬುಟ್ಟೆ."

ಗಂಟೆ ಕೆತ್ತುವವನು ಸೂರಿಗೆ ಸಿಕ್ಕಿಸಿದ್ದ ಉಳಿಯನ್ನು ಇಳಿಸಿಕೊಂಡ. "ಅದು ನಮ್ಮಪ್ಪ ಕೆತ್ತಿದ್ದು ಬುದ್ಧೀ. ಹೋಗ್ಲಿ. ಸದ್ದು ಹೆಂಗಿತ್ತು, ಹೇಳಿ."

"ಹೆಂಗಿತ್ತು ಅಂದ್ರೆ... ಗಂಟೆ ಸದ್ದಂಗಿತ್ತು."

ಹುಟ್ಟಿದಾಗಿನಿಂದ ಕೇಳಿದ ಸದ್ದು! ಅದು ಇಲ್ಲವಾಯಿತೆಂದು ಶ್ರೀಮಂತನಿಗೆ ಗೊತ್ತಾಗುತ್ತಿತ್ತು. ಅದು ಏನಾಗಿತ್ತೆಂದು ಗೊತ್ತಿರಲಿಲ್ಲ. ನಗಬೇಡಿ. ನಮಗೆ ಗೊತ್ತಿದೆಯೇ?

ಹೆಂಡತಿ ಮುಂದೆ ಬಂದಳು. "ನೀವು ಸುಮ್ಕಿರಿ. ಡೊಳಕ್ ಅಂದು, ಒಸಿ ನಿಂತು, ಆಮೇಲೆ ಇನ್ನೊಂದ್ಸಲ ಡೊಳಕ್ ಅಂತಿತ್ತು."

"ನಿಮ್ಗೆಂಗೆ ಗೊತ್ತವ್ವಾ?"

"ಹಳ್ಳದತ್ರ ಆ ಸದ್ದು ಕೇಳುಸ್ತಿದ್ದಂಗೆ ತೊಟ್ಟಿಗೆ ಹೊಸ ನೀರು ಸೇದಾಕ್ತಿದ್ದೆ. ಬಾಯಾರಿ ಬಂದೋವ್ಕೆ ಬಿಸ್ಲಲ್ಲಿ ಕಾದ ನೀರ ಕೊಡಾಕಾದದಾ?"

ಕಾಡಿನ ಮರ ತರುವಂತಿಲ್ಲ. ಶ್ರೀಮಂತನ ಮನೆಯ ಮುರಿದ ನೊಗವನ್ನೇ ಕುಯ್ದು ಕೆತ್ತಲು ಕೂತರು. ಗಂಟೆ ಕೆತ್ತುವವನು ಕೊರೆದು ಬಡಿದು ತೋರಿಸುವುದು, ಅವಳು ಕಣ್ಣು ಮುಚ್ಚಿ ಕೇಳಿ ತಲೆ ಅಲ್ಲಾಡಿಸುವುದು. ಬಿಸಿಲು ಇಳಿಯುವ ಹೊತ್ತಿಗೆ ಅವಳು ಕಣ್ಣು ತೆರೆದು ಹೇಳಿದಳು, "ಇದು ಅದಲ್ಲ ಕಣಪ್ಪಾ. ಅದರ ತಂಗಿ ಇದ್ದಂಗದೆ."

"ತಂಗಿ ಸಿಕ್ಕಿದ್ರೂ ಸಾಕು, ನಡೀರವ್ವಾ."

ಗುಡ್ಡದ ಓರೆಯಲ್ಲಿ ಅವಳು ಮುದಿ ಹಸು ನಡೆಯುವಷ್ಟೇ ನಿಧಾನವಾಗಿ ನಡೆಯುತ್ತ ಗಂಟೆ ಆಡಿಸಿದಳು. ಪೊದೆಯ ಬಾಯಲ್ಲಿ ಕಡಸು ಕಾಣಿಸಿತು. ಕಿವಿ ನಿಮಿರಿಸಿತು. ಅಮ್ಮನೇ? ಅಲ್ಲವೇ? ಅರೆನಂಬಿಕೆಯಲ್ಲಿ ತುಂಬ ಹೊತ್ತು ನಿಂತಿತು. ಅವಳು ಹಿಂದೆ ತಿರುಗಿ ನೋಡದೆ ಮನೆಯತ್ತ ನಡೆದಳು. ದೂರ ಬಿಟ್ಟುಕೊಂಡು, ಅನುಮಾನಿಸುತ್ತ, ಕಡಸು ಅವಳ ಹಿಂದೆ ಬಂತು.

ಕಡಸು ಸಿಕ್ಕಿತು. ಹಿತ್ತಾಳೆ ಗಂಟೆಗಳನ್ನು ಬಿಚ್ಚಿ, ಮರದ ಗಂಟೆಯನ್ನು ಅದರ ಕೊರಳಿಗೆ ಕಟ್ಟಿದರು. ಕೊಟ್ಟಿಗೆಯಲ್ಲೇ ಕರು ಹಾಕಿತು. ಆದರೆ ಆಮೇಲೂ ಸಂಜೆಯಾದರೆ ಆ ಹೆಂಗಸು ಬಾಗಿಲಲ್ಲಿ ನಿಂತು ಕಿವಿಗೊಡುತ್ತಿದ್ದಳಂತೆ. ತಂಗಿಯ ಸದ್ದು ಬರುತ್ತಿತ್ತು, ಅಕ್ಕನದಲ್ಲ. ಸುಟ್ಟದ್ದು ತಿರುಗಿ ಬರುವುದಿಲ್ಲ, ತಾಯಂದಿರೇ.

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯ ಮೊರ ಹೆಣೆದವರು ಯಾರು? ಅವರಿಗೆ ಈಗ ಬಿದಿರು ಸಿಗುತ್ತಿದೆಯೇ? ಮೂಲೆಯ ಕಂಬಳಿ ಯಾರ ಕೈಯದು? ಎಲ್ಲ ಹೋದ ಮೇಲೆ "ಚೆನ್ನಾಗಿತ್ತು" ಎಂದು ಹಲುಬುವುದು ಭಕ್ತಿಯಲ್ಲ. ಇರುವಾಗ ಗಮನಿಸುವುದು ಭಕ್ತಿ. ಮೊರ ಹರಿದರೆ ಪ್ಲಾಸ್ಟಿಕ್ಕಿನದು ತರುವ ಮೊದಲು ಹೆಣೆಯುವವರ ಮನೆಗೆ ಒಮ್ಮೆ ಹೋಗಿ. ಮಕ್ಕಳನ್ನೂ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿ.

ಮತ್ತೆ ನಾಳೆ ಬೆಳಿಗ್ಗೆ ಹಾಲು ತರುವವಳನ್ನು ಹೊಸ್ತಿಲಾಚೆಯೇ ನಿಲ್ಲಿಸಿ, ನೀರು ಬೆರೆಸಿದ್ದೀಯಾ ಎಂದು ಗದರಬೇಡಿ. ಒಳಗೆ ಕರೆಯಿರಿ. ಈ ಸಲ ಮೇವಿಗೆ ಏನು ಮಾಡಿದೆ ತಾಯಿ, ಎಂದು ಕೇಳಿ. ಉತ್ತರ ಉದ್ದವಿರುತ್ತದೆ. ಒಲೆ ಸಣ್ಣದು ಮಾಡಿ, ಕೂತು ಕೇಳಿ.