ಯಾರದೋ ಗೋರಿಗೆ ಬೈದು ಬಂದ್ವಿ

ಅಲ್ಲಾ, ಸ್ಕಾಟ್ಲಂಡ್ ಅಂದಕೂಡ್ಲೇ ನೀ 'ವಾವ್ ಅಜ್ಜಿ' ಅಂತಿ, ಅಲ್ಲಿ ಎಂಥಾ ಥಂಡ್ಯಾಗ ನಿಂತ್ ಬಂದೀನಿ ಅನ್ನೂದು ನನ್ನ ಮೊಣಕಾಲಿಗೆ ಗೊತ್ತು. ನಿಮ್ಮಜ್ಜ ರಿಟೈರ್ ಆದ್ರು ನೋಡು, ಆಗ ಶುರು ಆತು ನನ್ನ ವನವಾಸ. ಬ್ಯಾರೆ ಗಂಡಸ್ರು ಪಾರ್ಕಿಗೆ ಹೋಗ್ತಾರ, ಕಾಯಿಪಲ್ಲೆ ತರ್ತಾರ. ಇವ್ರು ಸತ್ತವ್ರನ್ನ ಹುಡುಕ್ಕೋತ ಹೊಂಟ್ರು! ಇಲ್ಲೇ, ಈ ಕ್ರೋಯ್ಡನ್ ಫ್ಲಾಟಿನಾಗ, ಊಟದ ಟೇಬಲ್ ತುಂಬ ಹಾಳಿ, ನಕಾಶಿ. ನನಗ ಚಪಾತಿ ಲಟ್ಟಸಾಕ ಜಾಗಾ ಇಲ್ಲ. 'ರೀ, ತಗೀರಿ ಇದನ್ನ' ಅಂದ್ರ, 'ತಡಿ ತಡಿ, ಅಲೆಕ್ ಸಿಗಾಕತ್ತಾನ' ಅಂತಾರ. ಸುಡುಗಾಡು ಅಲೆಕ್!

ಯಾರಂತ ಕೇಳ್ತಿ? ಹೇಳ್ತೀನಿ, ನಡುವ ಬಾಯಿ ಹಾಕಬ್ಯಾಡ. ಅಲೆಕ್ ಅಂದ್ರ ನಿಮ್ಮಜ್ಜನ ಮುತ್ತಜ್ಜ. ಸ್ಕಾಟ್ಲಂಡಿನಾಂವ. ಹುಬ್ಬಳ್ಳಿ ಕಡೆ ರೈಲ್ವೆ ಹಾದಿ ಹಾಕೂ ಕಾಲಕ್ಕ ಬಂದಿದ್ದ ಫಿಟರ್. ದೊಡ್ಡ ಸಾಹೇಬ ಅಲ್ಲ ಮತ್ತ, ಕೈಗೆಲ್ಲಾ ಎಣ್ಣಿ ಮಸಿ ಬಡ್ಕೊಂಡು ದುಡಿಯೂ ಮನಿಷ್ಯಾ. ನಿಮ್ಮಜ್ಜನ ಮುತ್ತಜ್ಜಿ ಗಂಗವ್ವನ್ನ ಲಗ್ನ ಆದ. ಅಕಿ ಬಸರಿದ್ದಾಗ, ಮುಂದ ಎಲ್ಲೋ ಸೇತುವಿ ಕೆಲಸ ಐತಿ, ಹೋಗಿ ಬರ್ತೀನಿ ಅಂತ ಹ್ವಾದಾಂವ ತಿರುಗಿ ಬರ್ಲೇ ಇಲ್ಲ. ಊರ ಮಂದಿ ಬಿಡ್ತಾರೇನು? 'ಸಾಹೇಬ ತನ್ನೂರಿಗೆ ಓಡಿಹ್ವಾದ, ಇಕಿ ಗಂಡ ಬಿಟ್ಟಾಕಿ' ಅಂದ್ರು. ಅಕಿ ಸಾಯೂತನಾ ಕುಂಕುಮ ಹಚ್ಕೊಂಡು ಹಾದಿ ಕಾದ್ಲಂತ. ಸತ್ತ ಮ್ಯಾಲೂ ಬಿಡ್ಲಿಲ್ಲ. ಮಹಾಲಯ ಅಮಾಸಿಗೆ ಹಿರ್ಯಾರಿಗೆ ಎಡಿ ಇಡ್ತೀವಲ್ಲ, ಎಲ್ಲಾರ ಎಲಿನೂ ಒಳಗ ಸಾಲಾಗಿ, ಗಂಗವ್ವಂದು ಮಾತ್ರ ಹೊಸ್ತಿಲ ಹೊರಗ. ನಾ ಆಗ ಹೊಸಾ ಸೊಸಿ, ಬಾಯಿ ಸುಮ್ನಿರಬೇಕಲ್ಲ, 'ಯಾಕ್ರಿ ಅತ್ತಿ, ಅಕಿ ಏನ್ ಮಾಡ್ಯಾಳ?' ಅಂದೆ. ನಮ್ಮತ್ತಿ ಕಣ್ಣು ಬಿಟ್ರು ನೋಡು! 'ಗಂಡಗ ಬ್ಯಾಡಾದಾಕಿ ನಮಗ ಬೇಕೇನ?' ನಿಮ್ಮಜ್ಜ ಅಲ್ಲೇ ಬಾಗಲ್ದಾಗ ನಿಂತು ಕೇಳಿದ್ರು. ಅವತ್ತಿಂದ ಅದು ಅವ್ರ ಎದ್ಯಾಗ ನಟ್ಟು ಕುಂತಿತ್ತು. ಅಂವ ಖರೇನ ಓಡಿಹ್ವಾದ್ನೋ, ಏನಾತೋ, ತಿಳೀಲೇಬೇಕು ಅಂತ.

ಅಂತೂ ಅವನ ಹಳ್ಳಿ ಸಿಕ್ತು. ಹಳ್ಳಿ ಅಂದ್ರ ನಾಕು ಮನಿ, ಒಂದಿಷ್ಟು ಕುರಿ, ಉಳಿದದ್ದೆಲ್ಲಾ ಗಾಳಿ. ನಾ ಸ್ವೆಟರ್ ಮ್ಯಾಲ ಸೀರಿ... ಅಲ್ಲ, ಸೀರಿ ಮ್ಯಾಲ ಸ್ವೆಟರ್, ಅದರ ಮ್ಯಾಲ ಇವ್ರ ಕೋಟು. ಚರ್ಚಿನ ಹಿಂದ ಗೋರಿ ಐತಿ! ಅದ ಹೆಸರು, ಅದ ಅಡ್ಡಹೆಸರು, ಅದ ಕಾಲ. ಹಣ್ಣು ಮುದುಕ ಆಗಿ ಸತ್ತಾನ, ಬಾಜೂಕ ಬ್ಯಾರೆ ಹೆಂಡ್ತಿ, ಮಕ್ಕಳು. ನಿಮ್ಮಜ್ಜಗ ಮೈಯೆಲ್ಲಾ ಉರೀತು. 'ಏ ಹಲ್ಕಟ್! ನಮ್ಮ ಗಂಗವ್ವನ್ನ ಹೊಸ್ತಿಲ ಹೊರಗ ಕುಂದ್ರಿಸಿ ನೀ ಇಲ್ಲಿ ತಣ್ಣಗ ಮಲಗೀಯೇನು?' ಅಂತ ಅಚ್ಚ ಹುಬ್ಬಳ್ಳಿ ಮಾತಿನಾಗ ಒದರಾಕತ್ರು. 'ಸಾಕ್ರೀ, ಮಂದಿ ನೋಡಾಕತ್ತಾರ' ಅಂದೆ. ಖರೇನ ಒಬ್ಬಾಕಿ ಮುದುಕಿ ಹೂವು ಹಿಡ್ಕೊಂಡು ನಿಂತಾಳ, ಕಣ್ಣಾಗ ನೀರು! 'ಇಂವ ನಮ್ಮ ಮುತ್ತಜ್ಜ. ಇಷ್ಟು ಮನಸ್ಸಿಟ್ಟು ಪ್ರಾರ್ಥನಾ ಇವಗ ನಾವೂ ಮಾಡಿಲ್ಲ' ಅಂತಾಳ. ಪ್ರಾರ್ಥನಾ! ಅದರ ಮ್ಯಾಲ ಮನಿಗೆ ಕರ್ಕೊಂಡ್ ಹೋಗಿ ಚಾ ಬ್ಯಾರೆ ಕೊಟ್ಲು, ನಾಚಿಕಿ ಬಂತು ನನಗ.

ಚಾ ಕುಡ್ಕೋತ ಇವ್ರು ಇಂಡಿಯಾದ ಮಾತು ತಗದ್ರ, ಅಕಿ ಅಂದ್ಲು, 'ನಮ್ಮಾಂವ ಈ ಹಳ್ಳಿ ದಾಟೇ ಇಲ್ಲ. ಇಂಡಿಯಾಕ್ಕ ಹೋದಾಂವ ಅವನ ಕಾಕಾನ ಮಗ. ಇಬ್ರಿಗೂ ಅಜ್ಜನ ಹೆಸರ ಇಟ್ಟಿದ್ರು.' ಅಯ್ಯ ನನ್ನ ಕರ್ಮ! ನಮ್ಮ ಮನ್ಯಾಗ ಏನೈತಿ ಮತ್ತ? ನಿಮ್ಮಪ್ಪನೂ ಬಸವರಾಜ, ಅವನ ಕಾಕಾನ ಮಗನೂ ಬಸವರಾಜ, ಇಬ್ರಿಗೂ ಅಜ್ಜನ ಹೆಸರು. ಬಸ್ಯಾ ಅಂತ ಕರದ್ರ ಇಬ್ರೂ ಓ ಅಂತಾರ. ಮನ್ಯಾಗ ಇದನ್ನ ದಿನಾ ನೋಡಿದ ಮನಿಷ್ಯಾಗ ಹೊಳೀಲಿಲ್ಲ, ಪಾಪ, ಹಳ್ಳಿ ದಾಟದವಗ ಬೈದು ಬಂದ್ರು!

'ಮತ್ತ ನಮ್ಮ ಅಲೆಕ್?' ಅಂದ್ರು ಇವ್ರು, ದನಿ ಸಣ್ಣದಾಗಿತ್ತು. 'ಅಂವ ಅಲ್ಲೇ ಸೇತುವಿ ಕೆಲಸದಾಗ ಕಾಲರಾ ಬಂದು ಸತ್ತ. ಇಲ್ಲಿ ಅವನ ಅವ್ವಗ ಸುದ್ದಿ ಬಂತು. ಅಲ್ಲಿ ನನ್ನ ಸೊಸಿ ಅದಾಳ, ಅಕಿಗೆ ಯಾರರೇ ಹೇಳ್ಯಾರೋ ಇಲ್ಲೋ ಅಂತ ಆ ಅವ್ವ ಸಾಯೂತನಾ ಬಡ್ಕೋತಿದ್ಲಂತ.' ನೋಡವಾ, ಸಮುದ್ರ ದಾಟಿ ಆ ಕುರಿ ಹಳ್ಳೀತನಾ ಸುದ್ದಿ ಮುಟ್ಟತೈತಿ, ಅಲ್ಲೇ ಮಗ್ಗಲ ಊರಾಗ ಇದ್ದ ಹೆಂಡ್ತಿಗೆ ಒಬ್ಬಾಂವರೇ ಬಂದು ಹೇಳ್ಲಿಲ್ಲಲ್ಲ! ಆ ರೈಲ್ವೆ ಮಂದಿ ಬಾಯಾಗ ಕಡಬು ಇತ್ತೇನು? ಅಂವ ಓಡಿಹೋದಾಂವ ಅಲ್ಲ, ಅಕಿ ಗಂಡ ಬಿಟ್ಟಾಕಿ ಅಲ್ಲ. ನಿಮ್ಮಜ್ಜ ಕಪ್ಪು ಕೆಳಗಿಟ್ಟು ಸಣ್ಣ ಹುಡುಗ್ರಂಗ ಅತ್ರು. ನಾನೂ ಅತ್ತೆ.

ಈ ವರ್ಷ ಗಂಗವ್ವನ ಎಲಿ ಒಳಗ ಹಾಕಿದ್ವಿ. ಏನ್ ಹಾಕಿ ಏನ್ ಬಂತು, ಅಕಿ ಕಾದದ್ದು ತಿರುಗಿ ಬರ್ತೈತೇನು? ಅದಕ್ಕ ನಿನಗ ಹೇಳ್ತೀನಿ. ನಿನ್ನೆ ವಿಕ್ಟೋರಿಯಾ ಸ್ಟೇಷನ್ನಿನಾಗ ಟ್ರೇನ್ ತಪ್ಪಿಸ್ಕೊಂಡು ಕತ್ತಲಾದ ಮ್ಯಾಲ ಬಂದಿ, ಕೇಳಿದ್ರ 'ಚಿಲ್ ಅಜ್ಜಿ' ಅಂತಿ. ಚಿಲ್ಲೂ ಇಲ್ಲ ಗಿಲ್ಲೂ ಇಲ್ಲ. ತಡಾ ಆದ್ರ ಮನಿಗೆ ಒಂದು ಫೋನ್ ಹಚ್ಚಬೇಕು. ಕಾಯೋರ ಸಂಕಟ ಕಾಯೋರಿಗೇ ಗೊತ್ತು.